ಹಾಸನ ಬೇಡವಂತೆ, ಕಲ್ಲಿನ ಮೇಲೆ

ಸೌತ್ ಸಿ, ನೈರೋಬಿ
ಬುಧವಾರ

ಅನಘಾ,

ನಿನ್ನ ಹೆಸರು ಕೆಡಿಸಿಬಿಟ್ಟರು ಕಣೇ. ಬಾಯಿಮಾತಿನಲ್ಲಿ ಕೆಡಿಸಿದ್ದರೆ ನಾನು ಎಂದಿನಂತೆ ಸುಮ್ಮನಿದ್ದುಬಿಡುತ್ತಿದ್ದೆ. ಕರಿ ಗ್ರಾನೈಟಿನಲ್ಲಿ ಕೆತ್ತಿಸಿ, ಅಕ್ಷರಕ್ಕೆ ಚಿನ್ನದ ಬಣ್ಣ ತುಂಬಿಸಿ, ಗೋಡೆಗೆ ಕೂರಿಸಿ, ಮೇಲೆ ಹಳದಿ ರೇಷ್ಮೆ ಬಟ್ಟೆ ಮುಚ್ಚಿ, ನನ್ನ ಕೈಗೇ ದಾರ ಕೊಟ್ಟು ಎಳೆಯಿರಿ ಎಂದರು. ಎಳೆದೆ. 'ಶ್ರೀಮತಿ ಅನಘಾ ಕೃಷ್ಣಪ್ರಸಾದ್ ಕನ್ನಡ ಕೊಠಡಿ' ಎಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಅದೇ. ಹಾಸನ ಇಲ್ಲ. ನಿನ್ನ ಅಪ್ಪ ಇಲ್ಲ. ಅವರಿಬ್ಬರೂ ಇರಬೇಕಾದ ಜಾಗದಲ್ಲಿ ನಾನು ಕಾಲು ಚಾಚಿ ಕೂತಿದ್ದೆ. ಬೇಡ ಎಂದು ಹೇಳಿದ ಮೇಲೂ ನನ್ನನ್ನು ಕೂರಿಸಿದ್ದರು.

ನಾನು ದಿನಾ ಡೈರಿ ಬರೆಯುವುದನ್ನು ನೋಡಿ ನೀನು ನಗುತ್ತಿದ್ದೆ. "ಏನ್ರೀ ಅದು, ಫ್ಯಾಕ್ಟರಿ ಲಾಗ್‌ಬುಕ್ ಇದ್ದ ಹಾಗಿದೆ. ಮಳೆ ಬಂತು, ಊಟ ಆಯ್ತು, ಕರೆಂಟ್ ಹೋಯ್ತು." ನೀನು ಹೋದಮೇಲೂ ಹಾಗೇ ಬರೆದುಕೊಂಡು ಬಂದಿದ್ದೇನೆ. ಆದರೆ ಭಾನುವಾರದ ಸಂಗತಿ ಆ ನಾಲ್ಕು ಸಾಲಿನಲ್ಲಿ ಹಿಡಿಯಲಿಲ್ಲ. ಪುಟ ಹರಿದು ಎಸೆದೆ, ಮತ್ತೆ ಬರೆದೆ, ಮತ್ತೆ ಹರಿದೆ. ಕೊನೆಗೆ ನಿನಗೇ ಬರೆದುಬಿಡೋಣ ಅನ್ನಿಸಿತು. ನಾನು ಡಿಪ್ಲೊಮಾ ಓದಿದವನು, ಭಾಷೆ ನಿನ್ನಷ್ಟು ಬಾರದು. ಸಿಟ್ಟಿನಲ್ಲಂತೂ ಇನ್ನೂ ಬಾರದು. ತಪ್ಪಿದ್ದ ಕಡೆ ನೀನೇ ತಿದ್ದಿಕೊಂಡು ಓದಿಕೋ.

ಸಂಘದ ಕಟ್ಟಡದ ಹಿಂಬದಿಯಲ್ಲಿ ನೀನು ಶನಿವಾರ ಶನಿವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಕೋಣೆಯಿದೆಯಲ್ಲ, ಅದಕ್ಕೆ ನಿನ್ನ ಹೆಸರಿಡುವುದೆಂದು ಕಮಿಟಿ ತೀರ್ಮಾನಿಸಿತು. ಈ ವರ್ಷ ಚಕ್ರಪಾಣಿಯವರು ಅಧ್ಯಕ್ಷರು; ಅದೇ, ಬ್ಯಾಂಕಿನವರು, ಯುಗಾದಿಗೆ ಅವರ ಸ್ಪ್ರಿಂಗ್ ವ್ಯಾಲಿ ಮನೆಗೆ ಹೋಗಿ ಒಬ್ಬಟ್ಟು ತಿಂದು ಬಂದೆವಲ್ಲ. ಅವರು ಫೋನ್ ಮಾಡಿ ವಿಷಯ ಹೇಳಿದಾಗ ನಾನು ಎರಡೆರಡು ಸಲ ಥ್ಯಾಂಕ್ಸ್ ಹೇಳಿದೆ. ಹೆಸರು ಹೇಗೆ ಬರೆಸೋಣ ಎಂದು ಕೇಳಿದರು. ಹಾಸನ ಸುಬ್ಬರಾವ್ ಅನಘಾ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪೂರ್ತಿ ಬರೆಸಿ, ಎಂದೆ. ಆಗಲಿ ಆಗಲಿ ಎಂದರು.

ನಿನ್ನ ಹೆಸರಿನ ಕಥೆಯನ್ನು ನಿನಗೇ ಹೇಳುವುದು ವಿಚಿತ್ರ. ಆದರೆ ಈ ಹದಿನೈದು ದಿನದಲ್ಲಿ ಅರ್ಥವಾಗದವರಿಗೆಲ್ಲ ಅದನ್ನು ಹೇಳಿ ಹೇಳಿ ಬಾಯಿ ಕಹಿಯಾಗಿದೆ. ತಿಳಿದವಳಿಗೆ ಒಮ್ಮೆ ಹೇಳಿದರೆ ಬಾಯಿ ಶುದ್ಧವಾದೀತು.

ಊರಿನಲ್ಲಿ ನೀನು ಎಚ್. ಎಸ್. ಅನಘಾ. ಎಚ್ ಎಂದರೆ ಹುಟ್ಟಿದೂರು ಹಾಸನ, ಎಸ್ ಎಂದರೆ ಅಪ್ಪ ಸುಬ್ಬರಾವ್. ಮದುವೆಯಾದ ಮೇಲೆ ಇನಿಷಿಯಲ್ ಬದಲಿಸೋದಿಲ್ವಾ ಎಂದು ನನ್ನ ಅತ್ತೆಯೊಬ್ಬರು ಕೇಳಿದ್ದಕ್ಕೆ ನೀನು, "ನಾನು ಇವರ ಮನೆಗೆ ಬಂದಿದೀನಿ ಅತ್ತೆ, ಹಾಸನ ಎಲ್ಲಿಗೂ ಹೋಗಿಲ್ವಲ್ಲ, ಅಲ್ಲೇ ಇದೆ" ಎಂದಿದ್ದೆ. ಕೀನ್ಯಾಕ್ಕೆ ಹೊರಡುವ ಮುಂಚೆ ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕಾಯಿತು. ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಮುಂದೆ ತೊಂದರೆ ಎಂದು ಯಾರೋ ಹೆದರಿಸಿದರು. ಮೊದಲ ಇನಿಷಿಯಲ್ ಒಯ್ದು ಅಲ್ಲಿ ಹಾಕಿದೆವು. ನಮ್ಮ ಹಾಸನವನ್ನು ಇಂಗ್ಲಿಷಿನಲ್ಲಿ ಬರೆದರೆ ಇಲ್ಲಿನವರ ಹಸನ್ ಆಗುತ್ತದೆ, ಒಂದಕ್ಷರವೂ ಆಚೀಚೆ ಇಲ್ಲ ಎಂಬುದು ನಮಗೆ ಹೊಳೆಯಲೇ ಇಲ್ಲ. ಇಲ್ಲಿನ ಏರ್‌ಪೋರ್ಟಿನಲ್ಲಿ ಹೊಳೆಯಿತು. ಆ ಅಧಿಕಾರಿ ನಿನ್ನ ಹಣೆಯ ಕುಂಕುಮ ನೋಡಿದ, ಪಾಸ್‌ಪೋರ್ಟ್ ನೋಡಿದ, ಮತ್ತೆ ಕುಂಕುಮ ನೋಡಿದ. ಆಮೇಲೆ ಹಲ್ಲು ಬಿಟ್ಟು "ಕರಿಬು, ಮಾಮಾ ಹಸನ್", ಬಾರಮ್ಮಾ ಹಸನ್, ಎಂದು ಸ್ವಾಗತಿಸಿ ಮುದ್ರೆ ಒತ್ತಿದ.

ಬದಲಿಸೋಣ ಎಂದು ನಾನು ಹೇಳಿದ್ದುಂಟು. ನೀನು ಕೇಳಿದ್ದು, "ಯಾಕ್ರೀ? ಇಲ್ಲಿ ದಿನಾ ಹತ್ತು ಜನ ನಮ್ಮೂರ ಹೆಸರು ಹಿಡಿದು ನನ್ನ ಕೂಗ್ತಾರೆ. ಬೆಂಗಳೂರಲ್ಲಿ ಯಾರ್ರೀ ಕೂಗ್ತಿದ್ರು? ಮೆಜೆಸ್ಟಿಕ್ಕಲ್ಲಿ ಕಂಡಕ್ಟರ್ ಒಬ್ಬನೇ, ಹಾಸ್ನ ಹಾಸ್ನ ಹಾಸ್ನ ಅಂತ."

ಎದುರು ಮನೆಯ ಹಲೀಮಾ ಅಂತೂ ನಿನ್ನನ್ನು ತವರಿನವಳನ್ನಾಗಿಯೇ ಮಾಡಿಕೊಂಡರು. ಅವರ ಅಪ್ಪನ ಕಡೆಯವರು ಹಸನ್. ನನ್ನದು ಬರೀ ಊರಿನ ಹೆಸರು ಎಂದು ನೀನು ಎಷ್ಟು ಬಿಡಿಸಿ ಹೇಳಿದರೂ, "ಆ ಹೆಸರಿನ ಊರು ಅಂದಮೇಲೆ ಒಳ್ಳೆಯ ಊರೇ ಇರಬೇಕು" ಎಂದುಬಿಟ್ಟರು. ಈದ್ ದಿನ ಆಲೂಗಡ್ಡೆಯ ಸಂಬೂಸ ಹಿಡಿದು ಗೇಟಿನಿಂದಲೇ ಕೂಗುತ್ತಿದ್ದರಲ್ಲ, "ಬೇರೆ ಎಣ್ಣೆ! ಬೇರೆ ಬಾಣಲೆ!" ಎಂದು, ಇಡೀ ರಸ್ತೆಗೆ ಕೇಳುವ ಹಾಗೆ. ಈಗಲೂ ಕಳಿಸುತ್ತಾರೆ. ಈಗ ಕೂಗುವುದಿಲ್ಲ.

ಫ್ಯಾಕ್ಟರಿಗೆ ಹೊಸ ಪ್ಯಾಕಿಂಗ್ ಮಷೀನು ಬಂದ ವರ್ಷ ಅದನ್ನು ಕಲಿತು ಬರಲು ನನ್ನನ್ನು ಇಟಲಿಯ ಬೊಲೋನ್ಯಾಗೆ ಕಳಿಸಿದರು, ನೀನೂ ಜೊತೆಗೆ ಬಂದೆ. ಈ ವಾರ ಆ ಊರು ತಲೆಯಿಂದ ಇಳಿಯುತ್ತಲೇ ಇಲ್ಲ. ಬೀದಿಗೆ ಬೀದಿಯೇ ಕಮಾನಿನ ಮೊಗಸಾಲೆ, ಮಳೆಯಲ್ಲೂ ನೆನೆಯದೆ ಊರು ಸುತ್ತಬಹುದು. ಎಲ್ಲರೂ ಅಂಗಡಿ ನೋಡುತ್ತ ನಡೆದರೆ ನೀನು ತಲೆ ಎತ್ತಿ ಗೋಡೆ ನೋಡುತ್ತ ನಡೆದು ಕಂಬಕ್ಕೆ ಹಣೆ ಬಡಿಸಿಕೊಂಡೆ. ಹಳೆಯ ಮನೆಗಳ ಬಾಗಿಲ ನೆತ್ತಿಯ ಮೇಲೆ ಒಂದೊಂದು ಕಲ್ಲಿನ ಗುರಾಣಿ, ಅದರಲ್ಲಿ ಮನೆತನದ ಗುರುತು. ಒಂದರಲ್ಲಿ ಹದ್ದು, ಒಂದರಲ್ಲಿ ಗೋಪುರ, ಒಂದರಲ್ಲಿ ಗರಗಸ.

"ಇದೇನು, ಬಡಗಿ ಮನೆನಾ?" ಎಂದು ನೀನು ಕೇಳಿದೆ. ಊರು ತೋರಿಸಲು ಬಂದಿದ್ದ ಮಷೀನ್ ಕಂಪನಿಯ ಫ್ಲಾವಿಯಾಳಿಗೆ ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರೆ, ಪಾಪ, ಅವಳಿಗೆ ನಗು ತಡೆಯಲಾಗಲಿಲ್ಲ. ಈ ಊರನ್ನೇ ಆಳಿದ ಮನೆತನವಂತೆ ಅದು. "ಗರಗಸ ಹಿಡ್ಕೊಂಡು?" ಎಂದೆ ನೀನು.

ಆಮೇಲೆ ಆ ಹಳೆಯ ವಿದ್ಯಾಪೀಠದ ಕಟ್ಟಡಕ್ಕೆ ಹೋದೆವು. ಗೋಡೆ, ಕಮಾನು, ಮೆಟ್ಟಿಲ ಪಕ್ಕ, ಚಾವಣಿ, ಒಂದು ಗೇಣು ಜಾಗವನ್ನೂ ಬಿಟ್ಟಿರಲಿಲ್ಲ. ಎಲ್ಲ ಅಲ್ಲಿ ಓದಿದ ಹುಡುಗರ ಗುರುತುಗಳು. ಅವುಗಳ ಜೊತೆ ಹೆಸರು, ಹೆಸರಿನ ಜೊತೆ ಊರು. ಫ್ಲಾವಿಯಾ ಒಂದೊಂದಾಗಿ ಓದಿ ಹೇಳುತ್ತಿದ್ದಳು: ಇವನು ಇಂಥವನು, ಇಂಥ ಊರಿನವನು. ನೀನು ಇದ್ದಕ್ಕಿದ್ದ ಹಾಗೆ ನನ್ನ ತೋಳು ಹಿಡಿದು ಜಗ್ಗಿದೆ. "ರೀ! ಇವರಿಗೂ ಇನಿಷಿಯಲ್ ಇದೆ ಕಣ್ರೀ!" ಕಾವಲಿನವನು ತಿರುಗಿ ನೋಡಿದ.

ನಿಮ್ಮ ಮನೆತನದ ಗುರುತು ಏನು ಎಂದು ಅವಳು ಕೇಳಿದಳು. ನೀನು ಬೆರಳೆತ್ತಿ ಗಾಳಿಯಲ್ಲಿ ಬರೆದು ತೋರಿಸಿದೆ: ಎಚ್, ಎಸ್. "ಒಂದು ಊರು, ಒಬ್ಬ ಅಪ್ಪ. ಅಷ್ಟೇ." ಸಿಂಹ ಗಿಂಹ ಏನೂ ಇಲ್ಲವೇ ಎಂದಳು. "ಸಿಂಹ ಬೇಕಾದ್ರೆ ಪಕ್ಕದ ಬೇಲೂರಲ್ಲಿದೆ, ಆದ್ರೆ ಒಬ್ಬ ಅದನ್ನ ಕೊಲ್ತಾ ನಿಂತಿದಾನೆ" ಎಂದು ನೀನು ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಸಾಕುಬೇಕಾಯಿತು.

ವಾಪಸು ಬರುವಾಗ ಒಂದು ಬಾಗಿಲ ಮೇಲೆ ಖಾಲಿ ಗುರಾಣಿ ಕಂಡಿತು. ಉಳಿಯ ಗೀರು ಮಾತ್ರ ಉಳಿದಿತ್ತು. ಯಾವುದೋ ಕಾಲದಲ್ಲಿ ಹೊಸದಾಗಿ ಆಳಲು ಬಂದವರು ಹಳೆಯ ಮನೆತನದ ಗುರುತುಗಳನ್ನೆಲ್ಲ ಕೆತ್ತಿ ತೆಗೆಸಿದರಂತೆ. ನೀನು ಅಲ್ಲಿ ಬಹಳ ಹೊತ್ತು ನಿಂತೆ. "ಏಣಿ ಹಾಕ್ಬೇಕು, ಹತ್ಬೇಕು, ಉಳಿ ಹಿಡ್ಕೊಂಡು ಕುಟ್ಬೇಕು. ಒಂದು ಹೆಸರಿಗೋಸ್ಕರ ಅಷ್ಟು ಕಷ್ಟ ಪಡ್ತಾರಲ್ಲ ಜನ" ಎಂದೆ. ಆಗ ನಾನು ಅದನ್ನು ಇಟಲಿಯವರ ಕಥೆ ಅಂದುಕೊಂಡೆ.

ನೈರೋಬಿಗೆ ಬಂದಮೇಲೂ ಆ ಚಾಳಿ ನಿನಗೆ ಅಂಟಿಕೊಂಡಿತು. ರಿವರ್ ರೋಡಿನಲ್ಲಿ ಮಟಾಟು ವ್ಯಾನುಗಳ ನಡುವೆ ಕಾರು ಸಿಕ್ಕಿಕೊಂಡರೆ ನಾನು ಹಾರ್ನ್ ಒತ್ತುತ್ತಿದ್ದೆ, ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡುತ್ತಿದ್ದೆ. ಕೆಳಗೆ ಮೊಬೈಲ್ ಅಂಗಡಿಯ ಬೋರ್ಡು, ಮೇಲೆ ಗಾರೆಯಲ್ಲಿ ತೆಗೆದ ತಾವರೆ, ಹುಟ್ಟುವ ಸೂರ್ಯ, ಯಾವನೋ ಗುಜರಾತಿ ವ್ಯಾಪಾರಿಯ ಹೆಸರು, ಇಸವಿ. "ಎಲ್ಲಾ ಸನ್ಸ್ ಕಣ್ರೀ. ಅಂಡ್ ಸನ್ಸ್, ಅಂಡ್ ಬ್ರದರ್ಸ್. ಒಬ್ಬಳಾದ್ರೂ ಹೆಂಗಸು ಈ ಊರಲ್ಲಿ ಮನೆ ಕಟ್ಟಲಿಲ್ವಾ?" ಎಂದು ನೀನು ಕೇಳಿದ್ದು ಹಿಂದಿನ ಕಾರಿನವನ ಬೈಗುಳದ ನಡುವೆಯೂ ನನಗೆ ಕೇಳಿಸಿತ್ತು.

ನಿನ್ನ ಶನಿವಾರದ ಪಾಠಕ್ಕೆ ಇನಿಷಿಯಲ್ ಬಂದದ್ದು ಆಮೇಲೆಯೇ. ಅ ಆ ಇ ಈ ಮುಗಿದ ಮಕ್ಕಳಿಗೆ ಮೊದಲು ಅವರವರ ಇನಿಷಿಯಲ್ ಬಿಡಿಸಿ ಬರೆಯುವುದು. ವೈಭವ್ ಎಂಬ ಹುಡುಗ, ಕೆ ಅಂದರೇನೋ ಎಂದು ಕೇಳಿದ್ದಕ್ಕೆ, "ಕೆ ಈಸ್ ಕೆ, ಆಂಟಿ" ಎಂದನಂತೆ. ಮನೆಯಲ್ಲಿ ಕೇಳಿಕೊಂಡು ಬಾ ಎಂದು ಕಳಿಸಿದೆ. ಮುಂದಿನ ವಾರ ಮೆಟ್ಟಿಲಿಂದಲೇ ಕಿರುಚುತ್ತ ಬಂದ, "ಇಟ್ಸ್ ಕಡೂರು! ಆಂಟಿ, ಇಟ್ಸ್ ಎ ಪ್ಲೇಸ್!" ಆ ದಿನ ನೀನು ಮನೆಗೆ ಬಂದು ನಕ್ಕಿದ್ದು, ನಗುತ್ತ ಕಣ್ಣೊರೆಸಿಕೊಂಡದ್ದು ನನ್ನ ಡೈರಿಯಲ್ಲಿದೆ. 'ಅನಘಾ ಖುಷಿಯಾಗಿದ್ದಳು' ಎಂದು ಬರೆದಿದ್ದೇನೆ, ಲಾಗ್‌ಬುಕ್ಕಿನವನ ಹಾಗೆ.

ಅಂಥ ಕೋಣೆಯ ಬಾಗಿಲಿಗೆ, ಅನಘಾ, ಅದೇ ಕೋಣೆಯ ಬಾಗಿಲಿಗೆ, ಇನಿಷಿಯಲ್ ಕಿತ್ತ ಹೆಸರು ಹಾಕಲು ಹೊರಟರು.

ಆಗಲಿ ಆಗಲಿ ಎಂದ ಚಕ್ರಪಾಣಿಯವರು ಒಂದು ವಾರದ ಮೇಲೆ ಮತ್ತೆ ಫೋನ್ ಮಾಡಿದರು. "ಕೃಷ್ಣಪ್ರಸಾದ್, ತಪ್ಪು ತಿಳ್ಕೋಬೇಡಿ. ಕನ್ನಡದಲ್ಲಿ ಹಾಸನ ಅಂತಿದ್ರೆ ಪರವಾಗಿಲ್ಲ. ಇಂಗ್ಲಿಷಲ್ಲಿ ಕೆತ್ತಿದ್ರೆ ಓದೋರು ಹೇಗೆ ಓದ್ತಾರೆ ಹೇಳಿ? ದೊಡ್ಡ ದೊಡ್ಡವರು ಬರ್ತಾರೆ ಅವತ್ತು. ಫೋಟೋ ತೆಗೀತಾರೆ. ನಮ್ಮ ಸಂಘದ ಕೋಣೆಗೆ ಯಾರೋ ಹಸನ್ ಹೆಸರಿಟ್ಟಿದಾರೆ ಅಂತ ಊರಿಗೆಲ್ಲ ವಾಟ್ಸಾಪ್ ಹೋಗುತ್ತೆ."

ಹೋಗಲಿ, ಅದು ಊರಿನ ಹೆಸರು ಅಂತ ನೀವೊಂದು ವಾಟ್ಸಾಪ್ ಕಳಿಸಿ, ಎಂದೆ.

"ನೀವೂ ಜೋಕ್ ಮಾಡ್ತೀರಲ್ಲ!" ಎಂದು ನಕ್ಕರು. ನಾನು ನಗಲಿಲ್ಲ. ಅವರೇ ಮುಂದುವರಿಸಿದರು. "ನಿಮ್ಮ ಹೆಸರು ಹಾಕಿದ್ರೆ ಯಾರಿಗೂ ತಕರಾರಿಲ್ಲ. ಗಂಡನ ಹೆಸರು ಹಾಕೋದು ಎಲ್ಲಾ ಕಡೆ ಇದ್ದದ್ದೇ. ನಿಮಗೂ ಒಂದು ಗೌರವ ಅಲ್ವಾ?"

ನನಗೆ ಬೇಡ, ಹಾಸನ ಇರಲೇಬೇಕು, ಎಂದೆ. "ನೋಡೋಣ ನೋಡೋಣ" ಎಂದು ಫೋನ್ ಇಟ್ಟರು. ಅವರ 'ನೋಡೋಣ'ಕ್ಕೆ ಏನರ್ಥ ಎಂದು ಭಾನುವಾರ ಗೊತ್ತಾಯಿತು.

ನಡುವೆ ಅವರ ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ತೋರಿಸಿದರು. "ಹಾಸನಾಂಬೆಯಿಂದ ಬಂದ ಹೆಸರಲ್ವಾ ಅದು? ಕಲ್ಲಿನ ಕೆಳಗೆ ಸಣ್ಣದಾಗಿ ದೇವಿ ಹೆಸರು ಹಾಕಿಸಿಬಿಡಿ. ಆಗ ಯಾರೂ ತುಟಿ ಬಿಚ್ಚಲ್ಲ." ಒಪ್ಪಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಒಪ್ಪಲಿಲ್ಲ. ಹಾಸನಾಂಬೆಗೆ ನಾನೂ ಕೈ ಮುಗಿದವನೇ, ನಿನ್ನ ಜೊತೆ ಆ ದೀಪಾವಳಿಯ ಸಾಲಿನಲ್ಲಿ ಕಾಲು ಸೋಲುವ ತನಕ ನಿಂತವನೇ. ಆದರೆ ಈ ಹೆಸರಿಗೆ ಅಂಟಿದ ಯಾವ ಕೊಳೆ ತೊಳೆಯಲು ಅಮ್ಮನವರನ್ನು ಕರೆಯಬೇಕು? ಹಲೀಮಾ ಮನೆಯವರ ಹೆಸರೂ ಅದೇ. ಅದರಲ್ಲಿ ಕೊಳೆ ಎಲ್ಲಿದೆ ಎಂದು ದಾರಿ ತೋರಿಸಿದವರನ್ನೇ ಕೇಳಿಬಿಡಬೇಕು ಅನ್ನಿಸಿತು. ಮೊದಲು ಒಂದು ಹೆಸರನ್ನು ಕಂಡು ಮುಖ ಸಿಂಡರಿಸುವುದು, ಆಮೇಲೆ ಅದು ಆ ಹೆಸರಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದು! ಹಲೀಮಾ ಮನೆಯ ಸಂಬೂಸ ತಿಂದ ಬಾಯಲ್ಲಿ ನಾನು ಆ ಸಮಾಧಾನ ಹೇಳಲಾರೆ. ನೀನಂತೂ ಹೇಳುತ್ತಲೇ ಇರಲಿಲ್ಲ.

ಭಾನುವಾರ ನಮ್ಮ ಮಗಳು ಪ್ರಣತಿ ಗಿಗಿರಿಯ ತನ್ನ ಆಫೀಸಿನ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು, ನಿನ್ನ ಮೈಸೂರು ಸಿಲ್ಕ್ ಉಟ್ಟು ಬಂದಿದ್ದಳು. ನೆರಿಗೆ ಸರಿಯಾಗಿ ಕೂತಿರಲಿಲ್ಲ, ಚಕ್ರಪಾಣಿಯವರ ಹೆಂಡತಿಯೇ ಸರಿ ಮಾಡಿದರು. ದೀಪ ಹಚ್ಚಿದರು. ಮಕ್ಕಳು ಹಾಡಿದರು. ದಾರ ನನ್ನ ಕೈಗೆ ಬಂತು. ಬಟ್ಟೆ ಬಿತ್ತು. ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿಯುವಷ್ಟರಲ್ಲಿ ನಾನು ಕಲ್ಲನ್ನು ಎರಡು ಸಲ ಓದಿಯಾಗಿತ್ತು.

ಆಗ ನನ್ನ ಕಣ್ಣಿಗೆ ಬಂದದ್ದು ಆಸ್ಪತ್ರೆಯ ಕಾರಿಡಾರು. ಅಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ, ನೀನು ಬಾಗಿಲಿನಾಚೆ ಇದ್ದೆ. ಆ ಮಧ್ಯಾಹ್ನ ನಾನು, ಪ್ರಣತಿ ಒಂದು ಬೆಂಚಿನಲ್ಲಿ. ಎದುರು ಬೆಂಚಿನಲ್ಲಿ ಒಂದು ಸೋಮಾಲಿ ಕುಟುಂಬ. ಬಿಳಿ ಟೋಪಿಯ ಮುದುಕರು, ಅವರ ಸೊಸೆ, ಸೊಸೆಯ ಮಡಿಲಲ್ಲಿ ಮಲಗಿದ ಕೂಸು. ಬಾಗಿಲು ತೆರೆದು ನರ್ಸ್ ಬಂದಳು. "ಹಸನ್ ಕುಟುಂಬದವರು?" ಎಂದಳು. ನಾವೂ ಎದ್ದೆವು, ಅವರೂ ಎದ್ದರು.

ಅನಘಾ, ಎರಡು ಮನೆಯವರು ಎದುರುಬದುರು ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ಆ ನರ್ಸಿನ ಮುಖದಲ್ಲೇ ಸುದ್ದಿ ಇತ್ತು. ಅದು ಯಾರ ಸುದ್ದಿ ಎಂಬುದೊಂದೇ ಉಳಿದಿತ್ತು. ದೇವರೇ, ಅವರದ್ದಾಗಲಿ, ಎಂದು ನನ್ನ ಮನಸ್ಸು ಬೇಡಿತು. ಆ ಮುದುಕರ ಮನಸ್ಸೂ ಅದನ್ನೇ ಬೇಡುತ್ತಿತ್ತು, ನನಗೆ ಕಾಣುತ್ತಿತ್ತು, ಅದಕ್ಕೆ ನನಗೆ ಸಿಟ್ಟು ಬರಲಿಲ್ಲ. ನರ್ಸ್ ಕೈಯಲ್ಲಿದ್ದ ಕಾಗದ ನೋಡಿ, ತಡವರಿಸಿ, ನಿನ್ನ ಹೆಸರು ಓದಿದಳು. ಆ ಮುದುಕರು ಕುಸಿದು ಕೂತರು, ಹೋದ ಜೀವ ಮರಳಿ ಬಂದವರ ಹಾಗೆ. ಆಮೇಲೆ ಎದ್ದರು. ನನ್ನ ಹತ್ತಿರ ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. "ಪೋಲೆ, ಪೋಲೆ ಸಾನಾ" ಎಂದರು, ಇಲ್ಲಿನವರು ದುಃಖದ ಮನೆಯಲ್ಲಿ ಹೇಳುವ ಹಾಗೆ. ನಾನು ಒಳಗೆ ಹೋಗುವವರೆಗೂ ಬಿಡಲಿಲ್ಲ.

ನಾನು ಎದ್ದು ನಿಂತದ್ದು ಆ ಹೆಸರಿಗೆ ಕಣೇ! ಕೊನೆಗೆ ನಿನ್ನನ್ನು ಕರೆದದ್ದು ಆ ಹೆಸರಿನಿಂದ. ಅದನ್ನು ಕೇಳಿ ನನ್ನ ಕಾಲು ತಾನಾಗಿ ಎದ್ದಿತು. ಈಗ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ.

ಚಕ್ರಪಾಣಿಯವರು ಭಾಷಣದಲ್ಲಿ 'ಶ್ರೀಮತಿ ಅನಘಾ ಕೃಷ್ಣಪ್ರಸಾದ್' ಎಂದು ಮತ್ತೆ ಮತ್ತೆ ಹೇಳಿದರು. ಆಮೇಲೆ ನನ್ನ ಕೈಗೆ ಮೈಕ್ ಕೊಟ್ಟು ಎರಡು ಮಾತು ಎಂದರು. ನಾನು ಇಷ್ಟು ವರ್ಷದಲ್ಲಿ ಮೈಕ್ ಹಿಡಿದವನಲ್ಲ. ಕಾರಿಡಾರಿನ ಮಾತು ಬಾಯಿಗೆ ಬಂತು, ಆದರೆ ಆ ಜನರ ಮುಂದೆ ಅದನ್ನು ಇಡಲು ಮನಸ್ಸಾಗಲಿಲ್ಲ. ಅದರ ಬದಲು ಬೇರೆ ಹೇಳಿದೆ.

"ಇದು ಯಾರ ಹೆಸರು? ಕೃಷ್ಣಪ್ರಸಾದ್ ಅಂದ್ರೆ ನಾನು. ನಾನಿನ್ನೂ ಬದುಕಿದೀನಿ, ನಿಮ್ಮ ಮುಂದೆ ನಿಂತಿದೀನಿ. ಹೋದವರ ಕಲ್ಲಿನ ಮೇಲೆ ಇರೋನ ಹೆಸರು ಯಾಕೆ ಕೆತ್ತಿದ್ರಿ? ತೆಗೀರಿ ಅದನ್ನ."

ಖಜಾಂಚಿ ಗೋಪಾಲ್ ಅವರ ತಾಯಿ ಮೈಸೂರಿನಿಂದ ಬಂದಿದ್ದಾರೆ, ಮುಂದಿನ ಸಾಲಿನಲ್ಲಿದ್ದರು. ಅವರು ಕೆನ್ನೆ ಕೆನ್ನೆ ಬಡಿದುಕೊಂಡು, "ಶಿವ ಶಿವಾ! ಹೌದಲ್ರಪ್ಪ! ಬದುಕಿರೋ ಗಂಡಸಿನ ಹೆಸರು ಸ್ಮಾರಕದಲ್ಲಿ ಕೆತ್ತಿಸಿದೀರಲ್ಲ, ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ? ತೆಗ್ಸಿ ಮೊದ್ಲು, ತೆಗ್ಸಿ!" ಎಂದು ಗಟ್ಟಿಯಾಗಿ ಶುರುಮಾಡಿದರು. ಅವರ ಹಿಂದಿನ ಸಾಲಿನಲ್ಲೂ ಗುಸುಗುಸು ಎದ್ದಿತು. ಯಾರೋ ಓಡಿಹೋಗಿ ಬಿದ್ದಿದ್ದ ರೇಷ್ಮೆ ಬಟ್ಟೆಯನ್ನು ಎತ್ತಿ ಮತ್ತೆ ಕಲ್ಲಿನ ಮೇಲೆ ಮುಚ್ಚಿದರು. ಉದ್ಘಾಟನೆಯಾದ ಕಲ್ಲಿಗೆ ಹತ್ತು ನಿಮಿಷದಲ್ಲಿ ಮತ್ತೆ ಮುಸುಕು!

ಕಾರಿನಲ್ಲಿ ಪ್ರಣತಿ ನನ್ನ ಪಕ್ಕ ಕೂತು ಬೆಲ್ಟ್ ಹಾಕಿಕೊಂಡಳು. ಆಮೇಲೆ, "ಅಪ್ಪಾ, ಯೂ ಶೌಟೆಡ್" ಎಂದಳು.

ಮೈಕ್ ಇತ್ತಲ್ಲ ಕಣೇ, ಹಾಗೆ ಕೇಳಿಸ್ತು, ಎಂದೆ.

"ನೋ. ಯೂ ಶೌಟೆಡ್" ಎಂದು ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು. ಮನೆ ಬರುವ ತನಕ ತೆಗೆಯಲಿಲ್ಲ. ಗೇರು ಬದಲಿಸುವುದು ಕಷ್ಟವಾಯಿತು.

ಸೋಮವಾರ ಕಲ್ಲು ಇಳಿಸಿದರೆಂದು ಗೋಪಾಲ್ ಸುದ್ದಿ ಕಳಿಸಿದರು. ನಿನಗೆ ಗೆದ್ದೆ ಅನ್ನಿಸಬಹುದು. ನನಗೆ ಇನ್ನೂ ಉರಿ ಹತ್ತಿತು. ಅವರು ಹೆದರಿದ್ದು ನನ್ನ ಆಯುಸ್ಸಿಗೆ, ಅನಘಾ! ನಿನ್ನ ಊರು ಹೋಯಿತು, ನಿನ್ನ ಅಪ್ಪ ಹೋದರು ಎಂದು ಒಬ್ಬರೂ ಕುರ್ಚಿಯಿಂದ ಏಳಲಿಲ್ಲ. ನನ್ನ ಜೀವಕ್ಕೆ ಅಪಶಕುನ ಎಂದಾಗ ಗುದ್ದಲಿ, ಉಳಿ, ಆಳು ಎಲ್ಲ ಒಂದೇ ದಿನದಲ್ಲಿ ಬಂದವು. ಅಲ್ಲೂ ಲೆಕ್ಕಕ್ಕೆ ಬಂದವನು ನಾನೇ. ನಿನಗಾಗಿ ಜಗಳಕ್ಕೆ ಹೋಗಿ ನನ್ನ ಆಯುಸ್ಸು ಉಳಿಸಿಕೊಂಡು ಬಂದೆ ನೋಡು.

ನಿನ್ನೆ ಸಂಜೆ ಚಕ್ರಪಾಣಿಯವರು ತಾವೇ ಮನೆಗೆ ಬಂದರು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಎರಡು ಮಾತು ಆಡಬೇಕೆಂದಿದ್ದೆ. ಆಗಲಿಲ್ಲ. ನೀನು ಹೋದ ದಿನ ಆಸ್ಪತ್ರೆಗೂ ಕ್ರಿಮಟೋರಿಯಮ್ಮಿಗೂ ಓಡಾಡಿ, ಚಪ್ಪಲಿ ಎಲ್ಲೋ ಕಳೆದುಕೊಂಡು, ಬರಿಗಾಲಲ್ಲಿ ನಿನಗೆ ಹೆಗಲು ಕೊಟ್ಟವರು ಅವರು. ಇದನ್ನು ಮರೆತು ಬರೆದರೆ ನೀನೇ ನನ್ನನ್ನು ಬೈಯುತ್ತೀ. ಕಾಫಿ ಮಾಡಿದೆ. ನಿನ್ನ ಕಾಫಿಯಲ್ಲ, ನನ್ನದು, ಆದರೂ ಕುಡಿದರು.

"ಭಾನುವಾರ ನನ್ನ ಮಾನ ತೆಗೆದ್ರಿ ನೀವು" ಎಂದರು.

ನೀವು ನನ್ನ ಹೆಂಡತಿ ಹೆಸರು ತೆಗೆದ್ರಿ, ಎಂದೆ.

ಲೋಟ ಕೆಳಗಿಟ್ಟರು. ಗೋಪಾಲ್ ಅವರ ತಾಯಿ ಮನೆ ಮನೆಗೆ ಫೋನ್ ಮಾಡಿ ಅಪಶಕುನ ಅಪಶಕುನ ಎಂದು ಹೇಳುತ್ತಿದ್ದಾರಂತೆ. ಬರೀ 'ಅನಘಾ ಕೊಠಡಿ' ಎಂದು ಮಾಡಿ ಮುಗಿಸಿಬಿಡೋಣವೇ ಎಂದು ಕೇಳಿದರು. ಯಾವ ಅನಘಾ, ಎಂದೆ. ಕೊನೆಗೆ, "ಸರಿ, ಏನು ಬೇಕೋ ನೀವೇ ಬರ್ಕೊಡಿ" ಎಂದರು.

ಬರೆದುಕೊಟ್ಟೆ. ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ, ನಿನ್ನ ಪಾಸ್‌ಪೋರ್ಟಿನಲ್ಲಿದ್ದ ಹಾಗೆಯೇ, ಒಂದಕ್ಷರ ಬಿಡದೆ. ಕನ್ನಡಕ ಹಾಕಿಕೊಂಡು ಓದಿದರು.

"ಹಾಸನ ಬಿಡಲ್ಲ ನೀವು."

ಇಲ್ಲ.

"ಸುಬ್ಬರಾವ್ ಆದ್ರೂ ಬಿಡ್ರೀ. ಎರಡು ಭಾಷೆಲಿ ಇಷ್ಟು ಅಕ್ಷರ ಆ ಸೈಜ್ ಕಲ್ಲಲ್ಲಿ ಹಿಡಿಯಲ್ಲ."

ಹಾಗಾದ್ರೆ ದೊಡ್ಡ ಕಲ್ಲು ತನ್ನಿ, ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಾನೂ ನೋಡಿದೆ, ಈ ಸಲ ಕಣ್ಣು ತಪ್ಪಿಸಲಿಲ್ಲ. ಉಳಿದ ಕಾಫಿ ಕುಡಿದರು, ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು, ಬಾಗಿಲ ಹತ್ತಿರ ಬಗ್ಗಿ ಶೂ ಹಾಕಿಕೊಂಡರು. ಗೇಟಿನ ತನಕ ಹೋದವರು ತಿರುಗಿ ನಿಂತು, "ಎಷ್ಟು ದೊಡ್ಡದು?" ಎಂದು ಕೇಳಿದರು.

ನಾನು ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಆದಷ್ಟು ಅಗಲಿಸಿ ತೋರಿಸಿದೆ.

ನಿನ್ನನ್ನು ಯಾರೂ ಗಿಡ್ಡ ಮಾಡಿ ಕರೆಯದ ಕಡೆ ನೀನು ಸುಖವಾಗಿರು. ನನ್ನ ಸಿಟ್ಟು ಆ ಕಲ್ಲು ಗೋಡೆಗೆ ಏರುವ ತನಕ ಆರದೆ ಇರಲಿ ಎಂದು ನೀನೂ ಅಲ್ಲಿಂದ ಹರಸು.

ನಿನ್ನವನೇ,
ಕೃಷ್ಣಪ್ರಸಾದ